ಪಡಸಾಲೆಯೊಳಗೆ ಹತ್ತು ಕ್ವಿಂಟಲ್



ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆ ಹೊಸ ಮನೆಗಳ ವಾಸ್ತುಶಾಂತಿಗೆ ಹೋದಾಗ, ಪಡಸಾಲೆಯ ಒಂದು ಗೋಡೆಯನ್ನು ಖಾಲಿ ಬಿಟ್ಟಿರುವುದು ಈಗೀಗ ಕಣ್ಣಿಗೆ ಬೀಳುತ್ತದೆ. ಕೇಳಿದರೆ, "ಅಲ್ಲಿ ಮೀನಿನ ಟ್ಯಾಂಕ್ ಬರೂದೈತ್ರಿ, ಆರು ಫೂಟಿಂದು" ಎಂದು ಮನೆಯವರು ಹೆಮ್ಮೆಯಿಂದ ಹೇಳುತ್ತಾರೆ. ಅದರ ಬೆನ್ನಿಗೇ "ಯಾವ ಮೀನು ಬಿಟ್ರ ಚಲೋ?" ಎಂಬ ಪ್ರಶ್ನೆ ಬರುತ್ತದೆ. ಮೀನಿನ ಮಾತು ಆಮೇಲೆ ಆಡೋಣ, ಆ ಗೋಡೆಯ ಬುಡದಲ್ಲಿ ನೆಲದ ಕೆಳಗೆ ಏನು ತುಂಬಿಸಿದ್ದೀರಿ ಎಂದು ನಾನು ಕೇಳುತ್ತೇನೆ. ಇವತ್ತಿನ ಮಾತು ಬಹುಪಾಲು ಅದರ ಬಗ್ಗೆಯೇ.

ಗಾಜಿನಾಚೆ ಈಜುವ ಮೀನು ನೋಡುವ ಆಸೆ ನಮ್ಮ ಭಾಗಕ್ಕೆ ಹೊಸದಲ್ಲ. ಮುಂಬೈಯ ಮರೀನ್ ಡ್ರೈವ್‌ನಲ್ಲಿ ತಾರಾಪೊರವಾಲಾ ಮತ್ಸ್ಯಾಲಯ 1951ರಲ್ಲಿ ತೆರೆದಾಗ ನಮ್ಮ ವಿಜಯಪುರ ಜಿಲ್ಲೆ ಇನ್ನೂ ಮುಂಬೈ ರಾಜ್ಯದಲ್ಲೇ ಇತ್ತು. ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿ ಸರ್ಕಾರಿ ಮತ್ಸ್ಯಾಲಯ ಬಂದದ್ದು 1983ರಲ್ಲಿ. ಆದರೆ ಅವು ನೀರಿನ ತೊಟ್ಟಿಗಳಿಗಾಗಿಯೇ ಕಟ್ಟಿದ ಕಟ್ಟಡಗಳು. ನಮ್ಮ ಮನೆಗಳನ್ನು ಕಟ್ಟಿದವರು ಮಂದಿಯ ಭಾರ, ಮಂಚದ ಭಾರ, ತಿಜೋರಿಯ ಭಾರ ಲೆಕ್ಕ ಹಾಕಿರುತ್ತಾರೆ. ನೀರಿನ ಭಾರವನ್ನು ಅವರಿಗೆ ಯಾರೂ ಹೇಳಿರುವುದಿಲ್ಲ.

ಲೆಕ್ಕ ನೋಡೋಣ. ಆರು ಅಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರದ ತೊಟ್ಟಿ ಎಂದರೆ 24 ಘನ ಅಡಿ. ಒಂದು ಘನ ಅಡಿಗೆ 28 ಲೀಟರಿಗಿಂತ ತುಸು ಹೆಚ್ಚು ನೀರು ಹಿಡಿಯುವುದರಿಂದ ಒಟ್ಟು ಸುಮಾರು 680 ಲೀಟರ್ ಆಯಿತು. ಲೀಟರಿಗೆ ಒಂದು ಕಿಲೋ. 12 ಎಂ.ಎಂ. ಗಾಜಿನದೇ 120 ಕಿಲೋ ದಾಟುತ್ತದೆ. ತಳಕ್ಕೆ ಹಾಸುವ ಉಸುಕು, ಅಂದಕ್ಕೆ ಇಡುವ ಕಲ್ಲು, ಕಬ್ಬಿಣದ ಸ್ಟ್ಯಾಂಡ್ ಎಲ್ಲ ಕೂಡಿದರೆ ಹತ್ತು ಕ್ವಿಂಟಲ್ ಹತ್ತಿರ ಬರುತ್ತದೆ. ಜೋಳದ ಹತ್ತು ತುಂಬು ಚೀಲಗಳನ್ನು ಒಂದರ ಮೇಲೊಂದು ಒಟ್ಟಿ ಹನ್ನೆರಡು ಚದರ ಅಡಿ ಜಾಗದಲ್ಲಿ ವರ್ಷಗಟ್ಟಲೆ ಬಿಟ್ಟ ಹಾಗೆ.

ವಾಸದ ಮನೆಯ ಕೋಣೆಗಳಿಗೆ ಭಾರತೀಯ ಮಾನಕ ಸಂಸ್ಥೆಯ ಸಂಹಿತೆ ಹೇಳುವ ಬಳಕೆಯ ಭಾರ ಚದರ ಮೀಟರಿಗೆ ಸುಮಾರು 200 ಕಿಲೋ, ಅಂದರೆ ಚದರ ಅಡಿಗೆ 19 ಕಿಲೋ ಹತ್ತಿರ. ನಮ್ಮ ತೊಟ್ಟಿ ತನ್ನ ಪಾದದಡಿ ಚದರ ಅಡಿಗೆ 80 ಕಿಲೋ ಹೇರುತ್ತದೆ, ನಾಲ್ಕು ಪಟ್ಟು. ಇಟ್ಟ ಮರುದಿನವೇ ಸ್ಲ್ಯಾಬ್ ಕುಸಿಯುತ್ತದೆ ಎಂದು ಹೆದರಿಸುತ್ತಿಲ್ಲ. ಒಂದು ಕೋಣೆಯ ಸ್ಲ್ಯಾಬ್ ಎಲ್ಲ ಕೂಡಿ ಹೊರಬಲ್ಲ ಭಾರ ಇದಕ್ಕಿಂತ ಹೆಚ್ಚೇ ಇರುತ್ತದೆ. ತೊಂದರೆ ಏನೆಂದರೆ, ಹಗಲು ರಾತ್ರಿ ಒಂದೇ ಕಡೆ ಕುಳಿತ ಭಾರಕ್ಕೆ ಸ್ಲ್ಯಾಬ್ ನಿಧಾನವಾಗಿ ಬಾಗುತ್ತ ಹೋಗುತ್ತದೆ. ಸ್ಲ್ಯಾಬ್ ಕೂದಲೆಳೆಯಷ್ಟು ಬಾಗಿದರೂ ತಾಳಿಕೊಳ್ಳುತ್ತದೆ, ಅದರ ಮೇಲಿನ ಗಾಜು ತಾಳಿಕೊಳ್ಳುವುದಿಲ್ಲ. ಆದ್ದರಿಂದ ಮೇಲಂತಸ್ತಿನಲ್ಲಿ ಇಡಲೇಬೇಕೆಂದರೆ ಕೆಳಗೆ ಗೋಡೆ ಅಥವಾ ಬೀಮ್ ಇರುವ ಸಾಲಿನಲ್ಲೇ ಇಡಿ. ಕೋಣೆಯ ನಟ್ಟನಡುವೆ ಬೇಡ, ಹೊರಚಾಚಿದ ಗ್ಯಾಲರಿಯ ಮೇಲಂತೂ ಬೇಡವೇ ಬೇಡ. ಮನೆಯ ನಕ್ಷೆ ಮಾಡಿದ ಎಂಜಿನಿಯರ್ ಊರಲ್ಲೇ ಇದ್ದರೆ, ತೊಟ್ಟಿಗೆ ಮುಂಗಡ ಕೊಡುವ ಮೊದಲು ಅವರನ್ನು ಕರೆದು ತೋರಿಸಿ.

ಹಾಗಾದರೆ ನೆಲಮಹಡಿ ಸುರಕ್ಷಿತ ಅಲ್ಲವೇ ಎಂದು ನೀವು ಕೇಳಬಹುದು. ಬೇರೆ ನಾಡಿನವರು ಬರೆದ ಪುಸ್ತಕಗಳು ಹಾಗೇ ಹೇಳುತ್ತವೆ. ನಮ್ಮ ನಾಲ್ಕು ಊರುಗಳ ಬಹುಪಾಲು ಮನೆಗಳು ನಿಂತಿರುವುದು ಎರಿ ಭೂಮಿಯ ಮೇಲೆ ಎಂಬುದು ಆ ಪುಸ್ತಕಗಳಿಗೆ ಗೊತ್ತಿಲ್ಲ. ಎರಿ ಮಣ್ಣು ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಗೋಡೆಗಳಿಗೆ ಆಳವಾಗಿ ಬುನಾದಿ ತೆಗೆದು ಗಟ್ಟಿ ಗರಸು ಸಿಗುವತನಕ ಹೋಗಿರುತ್ತಾರೆ. ಪಡಸಾಲೆಯ ನೆಲ ಮಾತ್ರ ಬುನಾದಿಯ ಮೇಲೆ ಕುಳಿತಿರುವುದಿಲ್ಲ. ಅದು ಗೋಡೆಗಳ ನಡುವೆ ತುಂಬಿಸಿದ ಮಣ್ಣಿನ ಮೇಲೆ ಕುಳಿತಿರುತ್ತದೆ. ಆ ತುಂಬುಮಣ್ಣು ಗರಸಾಗಿದ್ದು, ಪದರ ಪದರವಾಗಿ ನೀರು ಹೊಡೆದು ಧಮ್ಮಸು ಮಾಡಿದ್ದರೆ ಸರಿ. ಬುನಾದಿಯಿಂದ ಅಗೆದ ಎರಿಯನ್ನೇ ಒಳಗೆ ಎಳೆದು, ಮೇಲೆ ತೆಳುವಾಗಿ ಕಾಂಕ್ರೀಟ್ ಬಳಿದು ಫರಸಿ ಹಾಸಿದ್ದರೆ ಆ ನೆಲವನ್ನು ನಂಬುವ ಹಾಗಿಲ್ಲ.

ಇದನ್ನು ತಿಳಿಯಲು ಯಂತ್ರವೇನೂ ಬೇಡ. ಅನುಭವಿ ಗೌಂಡಿಯೊಬ್ಬರು ಪರೀಕ್ಷೆ ಮಾಡಿದ ರೀತಿಯನ್ನು ನಾನು ಪಕ್ಕದಲ್ಲೇ ಕುಳಿತು ನೋಡಿದ್ದೇನೆ. ಅವರು ಕರಣಿಯನ್ನು ತಿರುವಿ ಹಿಡಿದು, ಅದರ ಕಟ್ಟಿಗೆಯ ಹಿಡಿಯಿಂದ ಒಂದೊಂದು ಫರಸಿಯನ್ನೂ ನಾಲ್ಕು ಮೂಲೆಗೆ, ಒಮ್ಮೆ ನಡುವಿಗೆ ತಟ್ಟುತ್ತ ಬಂದರು. ಗೋಡೆಯ ಬದಿಯಲ್ಲಿ ಟಕ್ ಟಕ್ ಎಂದು ಗಟ್ಟಿ ಸಪ್ಪಳ. ಎರಡು ಮೊಳ ಈಚೆ ಬಂದೊಡನೆ ಡಬ್ ಡಬ್ ಎನ್ನತೊಡಗಿತು. "ಇಲ್ಲಿ ಬ್ಯಾಡ್ರಿ ಸರ, ಕೆಳಗ ಪೊಳ್ಳ ಬಿದ್ದೈತಿ. ಮಣ್ಣ ಕುಂತೈತಿ, ಫರಸಿ ಅಷ್ಟ ನಿಂತೈತಿ" ಎಂದರು. ಮೇಲ್ನೋಟಕ್ಕೆ ಆ ನೆಲದಲ್ಲಿ ಒಂದು ಗೆರೆಯೂ ಇರಲಿಲ್ಲ. ಫರಸಿ ತೆಗೆದು ನೋಡಿದಾಗ ಅದರಡಿ ಬೆರಳು ಆಡಿಸುವಷ್ಟು ಸಂದು ಇತ್ತು.

ಅಂಥ ಕಡೆ ನಾಲ್ಕು ಕಾಲಿನ ಸ್ಟ್ಯಾಂಡ್ ಇಟ್ಟರೆ ಏನಾಗುತ್ತದೆ? ಹತ್ತು ಕ್ವಿಂಟಲ್ ಭಾರ ನಾಲ್ಕು ಕಾಲಿಗೆ ಹಂಚಿದರೆ ಕಾಲಿಗೆ 250 ಕಿಲೋ. ಎರಡಿಂಚು ಚೌಕದ ಪೈಪಿನ ತುದಿಗೆ ಅಷ್ಟು ಭಾರ ಬಿದ್ದಾಗ ಮೊದಲು ಫರಸಿ ಸೀಳುತ್ತದೆ, ಆಮೇಲೆ ಒಂದು ಕಾಲು ಇಳಿಯುತ್ತದೆ. ಒಂದು ಕಾಲು ಇಳಿದೊಡನೆ ತೊಟ್ಟಿಯ ತಳ ತಿರುಚಿಕೊಳ್ಳುತ್ತದೆ. ಗಾಜು ಒತ್ತಡವನ್ನು ಚೆನ್ನಾಗಿ ತಡೆಯುತ್ತದೆ, ತಿರುಚುವಿಕೆಯನ್ನು ತಡೆಯುವುದಿಲ್ಲ.

ಹೊಸ ಮನೆ ಕಟ್ಟಿಸುತ್ತಿರುವವರಿಗೆ ನನ್ನ ಒತ್ತಾಯ ಒಂದೇ. ಮೀನಿನ ತೊಟ್ಟಿ ಬರುವ ಜಾಗ ಈಗಲೇ ಗೊತ್ತಿದ್ದರೆ, ಗೋಡೆಯ ಬುನಾದಿ ತೋಡುವಾಗಲೇ ಅದರ ಅಡಿಗೂ ಬುನಾದಿ ತೋಡಿಸಿ, ಅಲ್ಲಿಂದಲೇ ಕಲ್ಲಿನ ಕಟ್ಟೆ ಎಬ್ಬಿಸಿ. ಕಟ್ಟೆ ಕಟ್ಟುವುದು ನಮ್ಮ ಗೌಂಡಿಗಳಿಗೆ ಹೊಸದಾಗಿ ಕಲಿಸಬೇಕಾದ ಕೆಲಸವಲ್ಲ. ಕಲ್ಲಿಗೂ ಕೊರತೆಯಿಲ್ಲ: ತಾಳಿಕೋಟೆ ಕಡೆ ಹಾಸುಗಲ್ಲು, ಉಳಿದ ಕಡೆ ಕರಿಕಲ್ಲು. ಎರಡೂವರೆ ಅಡಿ ಎತ್ತರದ ಕಟ್ಟೆಯ ಮೇಲೆ ಒಂದು ದಪ್ಪ ಹಾಸುಗಲ್ಲು ಕೂರಿಸಿದರೆ ಅಂಗಡಿಯ ಯಾವ ಸ್ಟ್ಯಾಂಡೂ ಅದಕ್ಕೆ ಸಮ ಬಾರದು. ಈಗಾಗಲೇ ಮನೆ ಕಟ್ಟಿ ಮುಗಿದಿದ್ದರೆ, ಪೊಳ್ಳಿರುವ ಫರಸಿ ತೆಗೆಸಿ, ಎರಿ ಅಗೆಸಿ, ಗರಸು ತುಂಬಿಸಿ ಧಮ್ಮಸು ಮಾಡಿಸಿ, ಕಂಬಿ ಕಟ್ಟಿದ ಕಾಂಕ್ರೀಟ್ ಹಾಸು ಹಾಕಿಸಿ. ಎರಡು ದಿನದ ಗದ್ದಲ, ಇಡೀ ಆಯುಷ್ಯದ ನೆಮ್ಮದಿ.

ಹಳೆಯ ಮನೆಗಳ ಮಾತು ಬೇರೆ. ಎರಡಡಿ ದಪ್ಪದ ಕಲ್ಲಿನ ಗೋಡೆ, ಮೇಲೆ ತೊಲೆ ಜಂತಿ, ಅದರ ಮೇಲೆ ಮಣ್ಣಿನ ಮಾಳಿಗೆ. ಇಂಥ ಮನೆಯ ಅಟ್ಟದ ಮೇಲೆ ದೊಡ್ಡ ತೊಟ್ಟಿ ಇಡುವ ವಿಚಾರವನ್ನೇ ಮಾಡಬಾರದು. ಕೆಳಗೆ ಇಟ್ಟರೂ ಒಂದು ಎಚ್ಚರ ಬೇಕು. ಈ ಗೋಡೆಗಳ ಕಲ್ಲುಗಳನ್ನು ಹಿಡಿದಿರುವುದು ಅನೇಕ ಕಡೆ ಬರೀ ಕೆಸರುಮಣ್ಣು. ತೊಟ್ಟಿಯ ಹಿಂದೆ ದಿನಕ್ಕೆ ಒಂದು ಬಟ್ಟಲು ನೀರು ಸೋರಿದರೂ ಅದು ಗೋಡೆಯ ಬುಡಕ್ಕೆ ಇಳಿದು ಮಣ್ಣನ್ನು ಕರಗಿಸುತ್ತದೆ. ಹಿಡಿದು ಹೊಡೆಯುವ ಮಳೆಗೆ ಇಂಥ ಗೋಡೆಗಳು ಬಿದ್ದದ್ದನ್ನು ನಾವೆಲ್ಲ ಕಂಡಿದ್ದೇವೆ. ಗೋಡೆಯಿಂದ ಒಂದು ಗೇಣು ಬಿಟ್ಟು ಇಡಿ, ಹಿಂದೆ ಕೈ ಹಾಕಿ ನೆಲ ಒದ್ದೆಯಾಗಿದೆಯೇ ಎಂದು ಮುಟ್ಟಿ ನೋಡಲು ಜಾಗ ಇರಲಿ. ಗೋಡೆ ಕೊರೆದು ಗೂಡಿನಂತೆ ತೊಟ್ಟಿ ಕೂರಿಸುವ ಹೊಸ ಖಯಾಲಿ ಹಳೆಯ ಗೋಡೆಗಳಿಗೆ ಖಂಡಿತ ಆಗದು.

ನೆಲದ ಮಾತು ಮುಗಿಯಿತು. ಈಗ ನೀರು ಅಡ್ಡಕ್ಕೆ ನೂಕುವ ಒತ್ತಡದ ಮಾತು. ಇದನ್ನು ಅರಿಯಲು ನಮ್ಮವರು ದೂರ ಹೋಗಬೇಕಾಗಿಲ್ಲ. ಆದಿಲಶಾಹಿ ಕಾಲದಲ್ಲಿ ವಿಜಯಪುರಕ್ಕೆ ಬೇಗಂ ತಲಾಬಿನಿಂದ, ತೊರವಿಯ ಕಡೆಯಿಂದ ನೀರು ತಂದಾಗ, ಹಾದಿಯುದ್ದಕ್ಕೂ ಕಲ್ಲಿನ ಗೋಪುರಗಳನ್ನು ಕಟ್ಟಿದರು. ಊರವರು ಅವನ್ನು ಗಂಜ್ ಎನ್ನುತ್ತಾರೆ. ಕೊಳವೆಯಲ್ಲಿ ಒತ್ತಡ ಏರಿ ಒಡೆಯದಂತೆ ಅಲ್ಲಲ್ಲಿ ಅದನ್ನು ತಗ್ಗಿಸುವುದು ಅವುಗಳ ಕೆಲಸ. ವಿಜಯಪುರದಿಂದ ಸಿಂದಗಿ ರಸ್ತೆ ಹಿಡಿದರೆ ಸಿಗುವ ಕುಮಟಗಿಯಲ್ಲಿ ಅರಸರ ಬೇಸಿಗೆಯ ವಿಹಾರದ ನೆಲೆ ಇದೆ. ಕೊಳದ ನಡುವಿನ ಮಂಟಪದಲ್ಲಿ ಚಾವಣಿಯಿಂದಲೇ ನೀರು ತುಂತುರಾಗಿ ಉದುರುವಂತೆ ಮಾಡಿದ್ದರು. ಆ ನೀರನ್ನು ಎತ್ತರದಲ್ಲಿ ಹಿಡಿದಿಟ್ಟ ಕಟ್ಟಡದ ಗೋಡೆಗಳ ದಪ್ಪವನ್ನು ಒಮ್ಮೆ ಹೋಗಿ ನೋಡಿ. ನೀರು ಹೊರುವ ಗೋಡೆ ಎಷ್ಟು ಗಟ್ಟಿ ಇರಬೇಕೆಂದು ಕಟ್ಟಿದವರಿಗೆ ಗೊತ್ತಿತ್ತು.

ನೀರಿನ ಒತ್ತಡ ಆಳವನ್ನು ನೋಡುತ್ತದೆ, ಹರವನ್ನು ನೋಡುವುದಿಲ್ಲ. ಆಲಮಟ್ಟಿಯ ಹಿನ್ನೀರು ಹಳೆಯ ಬಾಗಲಕೋಟೆಯತನಕ ಚಾಚಿದೆ. ಆದರೂ ಅಣೆಕಟ್ಟಿನ ಗೋಡೆಯನ್ನು ನೂಕುವ ಬಲವನ್ನು ನಿರ್ಧರಿಸುವುದು ಗೋಡೆಯ ಬಳಿ ನೀರು ಎಷ್ಟು ಎತ್ತರ ನಿಂತಿದೆ ಎಂಬುದೇ.  ನಿಮ್ಮ ತೊಟ್ಟಿಗೂ ಇದೇ ನಿಯಮ. ಆರಡಿ ಉದ್ದ, ಎರಡಡಿ ಎತ್ತರದ ತೊಟ್ಟಿಯ ಮುಂಗಾಜನ್ನು ನೀರು ಸುಮಾರು 340 ಕಿಲೋ ಬಲದಿಂದ ನೂಕುತ್ತದೆ. ತೊಟ್ಟಿಯ ಅಗಲವನ್ನು ಎರಡಡಿಯಿಂದ ಮೂರಡಿಗೆ ಹೆಚ್ಚಿಸಿ, ಆ ಬಲ ಒಂದು ಕಿಲೋ ಕೂಡ ಹೆಚ್ಚುವುದಿಲ್ಲ. ಎತ್ತರವನ್ನು ಎರಡೂವರೆ ಅಡಿ ಮಾಡಿ, 530 ಕಿಲೋ ಆಗುತ್ತದೆ. ಮೂರಡಿ ಮಾಡಿದರೆ 760 ದಾಟುತ್ತದೆ. ಆದ್ದರಿಂದ ದೊಡ್ಡ ತೊಟ್ಟಿ ಬೇಕೆನ್ನುವವರಿಗೆ ನನ್ನ ಸಲಹೆ: ಉದ್ದ ಹೆಚ್ಚಿಸಿ, ಅಗಲ ಹೆಚ್ಚಿಸಿ, ಎತ್ತರವನ್ನು ಎರಡಡಿಗೇ ನಿಲ್ಲಿಸಿ. ಮೀನಿಗೂ ಈಜಲು ಅಡ್ಡ ಜಾಗವೇ ಬೇಕು. ತಳ ತೊಳೆಯಲು ನಿಮ್ಮ ಕೈಯೂ ಮುಟ್ಟುತ್ತದೆ.

ಎರಡಡಿ ಎತ್ತರಕ್ಕೆ 12 ಎಂ.ಎಂ. ಗಾಜು, ಮೇಲಂಚಿಗೆ ಸುತ್ತಲೂ ಅಡ್ಡಪಟ್ಟಿ. ಎರಡೂವರೆ ಅಡಿಗೆ ಹೋದರೆ 15 ಎಂ.ಎಂ.ಗಿಂತ ಕಡಿಮೆ ಒಪ್ಪಬೇಡಿ. ನಮ್ಮ ಊರಿನ ಗಾಜಿನ ಅಂಗಡಿಯವರು ಎರಡು ಮೂರು ಅಡಿಯ ತೊಟ್ಟಿಗಳನ್ನು ಅಚ್ಚುಕಟ್ಟಾಗಿ ಮಾಡಿಕೊಡುತ್ತಾರೆ. ಆರಡಿಯದನ್ನು ಹಿಂದೆ ಮಾಡಿದವರಿಗೇ ಕೊಡಿ, ಅವರು ಮಾಡಿದ ತೊಟ್ಟಿಯೊಂದು ನೀರು ತುಂಬಿ ನಿಂತಿರುವ ಮನೆಗೆ ಹೋಗಿ ನೋಡಿ ಬನ್ನಿ. ನೋಡುವುದು ಮೀನನ್ನಲ್ಲ, ಮೂಲೆಯ ಅಂಟನ್ನು. ಟಾರ್ಚ್ ಹಿಡಿದು ಎರಡು ಗಾಜು ಕೂಡುವ ಸಂದಿಯೊಳಗೆ ಬೆಳಕು ಬಿಡಿ. ಸಿಲಿಕೋನ್ ಪಟ್ಟಿ ಮೇಲಿಂದ ಕೆಳಗಿನತನಕ ಒಂದೇ ದಪ್ಪ, ಒಂದೇ ಬಣ್ಣ ಇರಬೇಕು. ನಡುವೆ ಗುಳ್ಳೆಗಳು ಸಾಲುಗಟ್ಟಿದ್ದರೆ, ಅದರಲ್ಲೂ ಒಳಮೈಯಿಂದ ಹೊರಮೈಗೆ ಹಾದಿ ಮಾಡಿಕೊಂಡಂತೆ ಕಂಡರೆ, ಆ ಕೈಗೆ ಕೆಲಸ ಕೊಡಬೇಡಿ. ಬಚ್ಚಲುಮನೆಗೆ ಬಳಸುವ, ಬೂಷ್ಟು ಹಿಡಿಯದಂತೆ ಔಷಧ ಬೆರೆಸಿದ ಸಿಲಿಕೋನ್ ಮೀನಿಗೆ ವಿಷ. ಅಂಟಿಸಿದ ಮೇಲೆ ಕನಿಷ್ಠ ಒಂದು ವಾರ ಒಣಗಲು ಬಿಡಬೇಕು. ಆಮೇಲೆ ಅಂಗಳದಲ್ಲಿ ಮಟ್ಟ ನೋಡಿ ನೀರು ತುಂಬಿ ಮೂರು ನಾಲ್ಕು ದಿನ ಇಟ್ಟು ನೋಡಬೇಕು. ಹಬ್ಬ ಬಂತು, ನೆಂಟರು ಬಂದರು ಎಂದು ಅವಸರ ಮಾಡಿದಲ್ಲೇ ಹೆಚ್ಚಿನ ತೊಟ್ಟಿಗಳು ಕೆಡುವುದು.

2022ರ ಡಿಸೆಂಬರ್ 16ರ ನಸುಕಿನಲ್ಲಿ ಜರ್ಮನಿಯ ಬರ್ಲಿನ್ನಿನ ಹೋಟೆಲೊಂದರಲ್ಲಿ ಹತ್ತು ಲಕ್ಷ ಲೀಟರ್ ಹಿಡಿಯುವ ಆಕ್ರಿಲಿಕ್ ಮೀನುಗೋಪುರ ಒಮ್ಮೆಲೇ ಒಡೆಯಿತು. ಒಳಗೆ ಸುಮಾರು 1500 ಮೀನುಗಳಿದ್ದವು. ಜನ ಎದ್ದು ಓಡಾಡುವ ಹೊತ್ತಾಗಿದ್ದರೆ ಏನಾಗುತ್ತಿತ್ತೋ ಊಹಿಸಲೂ ಭಯವಾಗುತ್ತದೆ. ತನಿಖೆ ಮಾಡಿದ ತಜ್ಞರು ಅಂಟಿನ ಜೋಡಣೆಯನ್ನೂ, ದುರಸ್ತಿಗೆಂದು ಖಾಲಿ ಮಾಡಿದ್ದಾಗ ಗೋಡೆ ಒಣಗಿದ್ದನ್ನೂ ಶಂಕಿಸಿದರು, ಖಚಿತವಾಗಿ ಇದೇ ಕಾರಣ ಎಂದು ಹೇಳಲಾಗಲಿಲ್ಲ. ಅಷ್ಟು ದೊಡ್ಡ ಎಂಜಿನಿಯರುಗಳ ಕೆಲಸವೇ ಹಾಗಾದಾಗ ನಾವು ಮನೆಯಲ್ಲಿ ಎಷ್ಟು ಜಾಗ್ರತೆ ವಹಿಸಬೇಕು!

ಕಟ್ಟೆ ಇಲ್ಲದೆ ಕಬ್ಬಿಣದ ಸ್ಟ್ಯಾಂಡನ್ನೇ ಮಾಡಿಸುವುದಾದರೆ ವೆಲ್ಡಿಂಗ್ ಅಂಗಡಿಯಲ್ಲಿ ಒಂದು ಮಾತು ಬಿಡಿಸಿ ಹೇಳಿ. ಮೇಲಿನ ಚೌಕಟ್ಟು ಕಾಲುಗಳ ತಲೆಯ ಮೇಲೆ ಕೂರಬೇಕು, ಕಾಲುಗಳ ಬದಿಗೆ ಬೆಸೆದಿರಬಾರದು. ಬದಿಗೆ ಬೆಸೆದರೆ ಹತ್ತು ಕ್ವಿಂಟಲ್ಲೂ ವೆಲ್ಡಿಂಗಿನ ಬೆಸುಗೆಗೇ ನೇತುಬೀಳುತ್ತದೆ. ಆರಡಿಗೆ ಆರು ಕಾಲು ಇರಲಿ, ಹಿಂಬದಿಗೆ ಓರೆಪಟ್ಟಿ ಇರಲಿ, ಕಾಲುಗಳ ಕೆಳಗೂ ಸುತ್ತ ಚೌಕಟ್ಟು ಇರಲಿ, ಭಾರ ಚುಚ್ಚದೆ ಹರಡುತ್ತದೆ. ಮೇಲೆ ನೀರಿಗೆ ಕೆಡದ ದಪ್ಪ ಪ್ಲೈವುಡ್, ಅದರ ಮೇಲೆ ಥರ್ಮಾಕೋಲ್ ಹಾಳೆ, ಆಮೇಲೆ ತೊಟ್ಟಿ.

ಮಟ್ಟ ನೋಡಲು ರಸಮಟ್ಟ ಸಾಲದು, ಗೌಂಡಿಯ ನೀರಿನ ಪೈಪೇ ಚಲೋ. ಆರಡಿ ಉದ್ದಕ್ಕೆ 3 ಎಂ.ಎಂ.ಗಿಂತ ಹೆಚ್ಚು ಫರಕು ಇರಬಾರದು. ಫರಕು ಬಂದರೆ ಸ್ಟ್ಯಾಂಡಿನ ಕಾಲ ಕೆಳಗೆ ತಗಡು ಕೊಡಬೇಕು, ಗಾಜಿನ ಕೆಳಗೆ ಏನನ್ನೂ ತುರುಕಬಾರದು. ನೀರನ್ನು ಒಂದೇ ಸಲ ತುಂಬಬೇಡಿ. ದಿನಕ್ಕೆ ಕಾಲು ಭಾಗ ತುಂಬಿ, ಒಂದು ರಾತ್ರಿ ಬಿಟ್ಟು, ಬೆಳಿಗ್ಗೆ ಮತ್ತೆ ಮಟ್ಟ ನೋಡಿ. ನೆಲ ಇಳಿಯುವುದಿದ್ದರೆ ಆ ನಾಲ್ಕು ದಿನಗಳಲ್ಲಿ ಸುಳಿವು ಕೊಡುತ್ತದೆ: ನೀರಿನ ಗೆರೆ ಒಂದು ಮೂಲೆಯಲ್ಲಿ ಗಾಜಿನ ಅಂಚಿಗೆ ಹತ್ತಿರ ಬರುತ್ತದೆ.

ಇನ್ನೊಂದು ಮಾತು ನಮ್ಮ ಜಿಲ್ಲೆಯವರು ಮರೆಯಬಾರದು. 1993ರ ಸೆಪ್ಟೆಂಬರ್ 30ರ ನಸುಕಿನ ಕಿಲ್ಲಾರಿ ಭೂಕಂಪ ನಮ್ಮ ಗಡಿಯಾಚೆಯೇ ಆದದ್ದು. 2021, 2022ರಲ್ಲಿ ಬಸವನ ಬಾಗೇವಾಡಿ ಕಡೆಯೂ ವಿಜಯಪುರದ ಸುತ್ತಲೂ ನೆಲ ಗುಡುಗಿ ಜನ ಬೀದಿಗೆ ಬಂದದ್ದು ನಿಮಗೆ ನೆನಪಿದೆ. 2002ರ ಭೂಕಂಪ ವಲಯ ನಕ್ಷೆಯಲ್ಲಿ ವಿಜಯಪುರ ಮೂರನೆಯ ವಲಯದಲ್ಲಿತ್ತು. ಲಘು ಕಂಪನಕ್ಕೂ ನೀರು ತುಳುಕುತ್ತದೆ, ತುಳುಕುವ ನೀರು ಸ್ಟ್ಯಾಂಡನ್ನು ತನ್ನೊಡನೆ ತೂಗುತ್ತದೆ. ಸ್ಟ್ಯಾಂಡಿನ ತಲೆಯನ್ನು ಗಟ್ಟಿ ಗೋಡೆಗೆ ಎರಡು ಕಡೆ ಬೋಲ್ಟ್ ಹಾಕಿ ಬಿಗಿಸಿ. ನೀರನ್ನು ಅಂಚಿಗೆ ಮೂರು ಇಂಚು ಕಡಿಮೆಯೇ ಇಡಿ. ಮಗುವಿನ ತೊಟ್ಟಿಲು, ವಯಸ್ಸಾದವರ ಮಂಚ ತೊಟ್ಟಿಯ ಎದುರಿಗೆ ಇರುವುದು ಬೇಡ.

ಕರೆಂಟಿನ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಪ್ಲಗ್ಗು ನೀರಿನ ಮಟ್ಟಕ್ಕಿಂತ ಮೇಲಿರಲಿ. ವೈರು ಒಮ್ಮೆ ಕೆಳಗೆ ಇಳಿದು ಬಾಗಿ ಮೇಲೇರಿ ಪ್ಲಗ್ಗಿಗೆ ಹೋಗಲಿ, ಹನಿ ಬಂದರೂ ಬಾಗಿನಲ್ಲೇ ಉದುರುತ್ತದೆ. 30 ಮಿಲಿಆಂಪಿಯರಿನ ಸೋರಿಕೆ ತಡೆಯುವ ಬ್ರೇಕರ್ ಇಲ್ಲದೆ ತೊಟ್ಟಿಗೆ ಮೋಟಾರು ಇಳಿಸಬೇಡಿ. ಕೈ ಹಾಕುವ ಮೊದಲು ಸ್ವಿಚ್ಚು ಆರಿಸಿ, ಇದನ್ನು ಮನೆಯ ಮಕ್ಕಳಿಗೂ ಕಲಿಸಿ.

ಈಗ ಮೀನಿನ ಮಾತು. ನಮ್ಮ ಬೋರಿನ ನೀರು ಗಡಸು, ಕೆಲವು ಕಡೆ ಸವಳು. ಆ ನೀರಿಗೇ ಒಗ್ಗುವ ಮೀನು ಆರಿಸಿದರೆ ನಿಮ್ಮ ಕೆಲಸ ಅರ್ಧವಾಗುತ್ತದೆ. ಆಫ್ರಿಕಾದ ಮಲಾವಿ, ಟ್ಯಾಂಗನಿಕಾ ಸರೋವರಗಳ ಸಿಕ್ಲಿಡ್ ಮೀನುಗಳಿಗೆ ಗಡಸು ನೀರೇ ತವರು. ಮೋಲಿ, ಗಪ್ಪಿಗಳೂ ಸುಖವಾಗಿರುತ್ತವೆ. ಗೋಲ್ಡ್‌ಫಿಶ್ ತಂಪು ಬೇಡುವ ಮೀನು, ನಮ್ಮ ಏಪ್ರಿಲ್ ಮೇ ಬಿಸಿಲು ಅದಕ್ಕೆ ಹಿಂಸೆ. 20 ಡಿಗ್ರಿಯಲ್ಲಿ ಲೀಟರ್ ನೀರು 9 ಮಿಲಿಗ್ರಾಂ ಆಮ್ಲಜನಕ ಹಿಡಿದರೆ, 30 ಡಿಗ್ರಿಯಲ್ಲಿ ಏಳೂವರೆ ಮಾತ್ರ. ಕರೆಂಟು ಹೋದ ಮಧ್ಯಾಹ್ನ ತುಂಬಿದ ತೊಟ್ಟಿಯ ಮೀನುಗಳು ಮೇಲೆ ಬಂದು ಬಾಯಿ ಬಿಡುವುದು ಇದಕ್ಕೇ. ಮೀನು ಕಡಿಮೆ ಬಿಡಿ, ಗಾಳಿಯ ಪಂಪಿಗೆ ಬ್ಯಾಟರಿ ಇಡಿ.

ನೀರು ಹೊತ್ತು ತರುವ ಊರುಗಳಲ್ಲಿ 680 ಲೀಟರಿನ ತೊಟ್ಟಿ ಸರಿಯೇ ಎಂದು ಕೆಲವರು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ವಾರಕ್ಕೆ ಐದರಲ್ಲಿ ಒಂದು ಪಾಲು ಬದಲಿಸಿದರೆ ಸುಮಾರು 135 ಲೀಟರ್ ಹೊರಬರುತ್ತದೆ. ಅದನ್ನು ಗಟಾರಕ್ಕೆ ಬಿಡುವವರು ದೊಡ್ಡ ತೊಟ್ಟಿ ಇಡಬಾರದು ಎಂದೇ ನಾನು ಹೇಳುತ್ತೇನೆ. ಉಪ್ಪು ಬೆರೆಸದ ತೊಟ್ಟಿಯ ನೀರಿನಲ್ಲಿ ಮೀನಿನ ಹೊಲಸು ಗೊಬ್ಬರವಾಗಿ ಇಳಿದಿರುತ್ತದೆ. ಇಂಡಿಯ ಕಡೆಯವರಿಗೆ ಹಿತ್ತಲಲ್ಲಿ ಒಂದೆರಡು ನಿಂಬೆಗಿಡ ಇದ್ದೇ ಇರುತ್ತವೆ, ಆ ನೀರು ಅಲ್ಲಿಗೆ ಹೋಗಲಿ. ಟ್ಯಾಂಕರ್ ಕಾಯುವ ಬೀದಿಯಲ್ಲಿದ್ದರೆ ಮೂರಡಿಯ ತೊಟ್ಟಿಗೇ ತೃಪ್ತರಾಗಿ.

ಕಡೆಗೆ, ಅಂಗಡಿಯಲ್ಲಿ ಬೆರಳುದ್ದ ಇರುವ ಮೀನು ಎಷ್ಟು ಬೆಳೆಯುತ್ತದೆಂದು ಕೊಳ್ಳುವ ಮೊದಲೇ ಕೇಳಿ. ಗಾಜಿಗೆ ಅಂಟಿ ಪಾಚಿ ತಿನ್ನುವ ಪ್ಲೆಕೊ ಮೀನು ಮೊಳದುದ್ದ ಬೆಳೆಯುತ್ತದೆ. ಸಾಕಲಾಗದೆ ಬಿಟ್ಟ ಅಂಥ ಮೀನುಗಳು ಕೃಷ್ಣೆಯ ಕೆಳಹರಿವಿನ ಆಂಧ್ರದಲ್ಲಿ ಮೀನುಗಾರರ ಬಲೆ ಹರಿಯುತ್ತಿವೆ. ತೊಟ್ಟಿಗೆ ಹಿಡಿಸದಷ್ಟು ಬೆಳೆದ ಮೀನನ್ನು ಅಂಗಡಿಗೇ ಮರಳಿಸಿ, ಇಲ್ಲವೇ ದೊಡ್ಡ ತೊಟ್ಟಿ ಇರುವವರಿಗೆ ಕೊಡಿ. ಭೀಮೆಗಾಗಲಿ, ಆಲಮಟ್ಟಿಯ ಹಿನ್ನೀರಿಗಾಗಲಿ, ಊರ ಕೆರೆಗಾಗಲಿ ಬಿಡಬೇಡಿ.